ಮಲೆನಾಡಿನ ವಿದ್ಯಾರ್ಥಿಯೂ ಗುರುವಿನ ಮಾರ್ಗದರ್ಶನವೂ
ಸಾಗರ, ಹೊಸನಗರ, ತೀರ್ಥಹಳ್ಳಿಗಳ ತರುಣರಿಗೆ ಉನ್ನತ ವಿದ್ಯಾಭ್ಯಾಸವೆಂದರೆ ಬಹುಕಾಲ ಮನೆ ಬಿಟ್ಟು ದೂರದ ಊರಿಗೆ ಹೊರಡುವುದೇ ಆಗಿದ್ದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೂ ಹೊಸಬರಿಗೆ ದಾರಿ ತೋರುವ ಹೊಣೆ ಬಹುಮಟ್ಟಿಗೆ ಹಿರಿಯರ ಔದಾರ್ಯಕ್ಕೆ ಸೇರಿದ್ದಿತು.

ಕುಪ್ಪಳಿಯ ಕೆ. ವಿ. ಪುಟ್ಟಪ್ಪನವರ ನಿದರ್ಶನವನ್ನೇ ನೋಡೋಣ. ಇಂಗ್ಲಿಷಿನಲ್ಲಿ ಕವಿತೆ ರಚಿಸುತ್ತಿದ್ದ ಅವರಿಗೆ 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದರು. ತತ್ತ್ವಶಾಸ್ತ್ರದಲ್ಲಿ ಬಿ.ಎ. ಮುಗಿಸಿದ ಬಳಿಕ ಅವರನ್ನು ಕನ್ನಡ ಎಂ.ಎ. ತರಗತಿಗೆ ಒಲಿಸಿದವರು ಟಿ. ಎಸ್. ವೆಂಕಣ್ಣಯ್ಯನವರು. ಶಿಷ್ಯರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು.

1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಶಂಕರಘಟ್ಟದಲ್ಲಿ ನೆಲೆಗೊಂಡು, ದೂರವು ಕುಗ್ಗಿತು. ಆದರೆ ಅಗತ್ಯವು ಕುಗ್ಗಲಿಲ್ಲ. ವಿಷಯಗಳ ಪಟ್ಟಿಯನ್ನು ಕಛೇರಿಯು ಕೊಡಬಲ್ಲುದು. ವಿದ್ಯಾರ್ಥಿಯ ಒಲವನ್ನು ಅರಿಯಬಲ್ಲವನು ಅಧ್ಯಾಪಕನೇ ಎಂದು ನಾವು ಭಾವಿಸುತ್ತೇವೆ.