ಮೂಲಗೇಣಿಯಿಂದ ಚಾಲಗೇಣಿಗೆ: ತಂತ್ರಾಂಶ ಪರವಾನಗಿಯ ಚರಿತ್ರೆ

(ಕೂಟದ ವಾರ್ಷಿಕ ಉಪನ್ಯಾಸದ ಲಿಖಿತ ರೂಪ)



ಕನ್ನಡ ಕೂಟದ ವೇದಿಕೆಯಲ್ಲಿ ಚರಿತ್ರೆ ಎಂದೊಡನೆ ಕದಂಬರು, ಚಾಲುಕ್ಯರು, ವಿಜಯನಗರದ ಅರಸರು ನೆನಪಾಗುವುದು ಸಹಜ. ಇಂದು ನಾವು ಆರಿಸಿಕೊಂಡಿರುವ ಚರಿತ್ರೆಗೆ ಅಷ್ಟು ವಯಸ್ಸಿಲ್ಲ. ಅದರ ಶಾಸನಗಳು ಕಲ್ಲಿನ ಮೇಲಿಲ್ಲ. ನಮ್ಮೆಲ್ಲರ ಮನೆಯ ಗಣಕಯಂತ್ರದ ಪರದೆಯ ಮೇಲೆ ಮೂಡಿ, ಓದುವ ಮೊದಲೇ "ಒಪ್ಪುತ್ತೇನೆ" ಎಂಬ ಗುಂಡಿಯಡಿ ಮರೆಯಾಗುತ್ತವೆ. ತಂತ್ರಾಂಶವನ್ನು ಬಳಸಲು ಕೊಡುವ ಪರವಾನಗಿ, ಅದರ ಷರತ್ತುಗಳು ಮತ್ತು ಆ ಷರತ್ತುಗಳು ಬದಲಾದಾಗಲೆಲ್ಲ ಎದ್ದ ಅಸಮಾಧಾನ ಇವೇ ಇಂದಿನ ವಿಷಯ.

ಈ ವಿಷಯ ನಮ್ಮನ್ನು ತಟ್ಟಿದ್ದು ಒಂದು ಸಣ್ಣ ಪ್ರಸಂಗದಿಂದ. ನಾವು ಹಿಂದೆ ವಾಸವಾಗಿದ್ದ ಊರಿನ ಕನ್ನಡ ಕೂಟದವರು ತಮ್ಮ ಹಳೆಯ ಸ್ಮರಣ ಸಂಚಿಕೆಯನ್ನು ಮರುಮುದ್ರಿಸಲು ಹೊರಟಿದ್ದರು. ಅದರ ಪುಟಗಳನ್ನು ಜೋಡಿಸಿದವರು ನಾವೇ. ಅದಕ್ಕೆ ಬೇಕಾದ ತಂತ್ರಾಂಶವನ್ನು ಪೂರ್ತಿ ಹಣ ತೆತ್ತು, ಪೆಟ್ಟಿಗೆ ಸಮೇತ ಮನೆಗೆ ತಂದಿದ್ದೆವು. ಹೊಸ ಯಂತ್ರದಲ್ಲಿ ಅದನ್ನು ಅಳವಡಿಸಿದಾಗ ಅದು ಮಾರಿದ ಸಂಸ್ಥೆಯ ಸರ್ವರಿನಿಂದ ಅನುಮತಿ ಕೇಳಿತು. ಆ ಸರ್ವರನ್ನು ಸಂಸ್ಥೆಯು ಎಂದೋ ಮುಚ್ಚಿಯಾಗಿತ್ತು. ತಿಂಗಳ ಚಂದಾ ಕಟ್ಟಿದರೆ ಹೊಸ ಆವೃತ್ತಿ ದೊರೆಯುವುದೆಂದೂ, ಹಳೆಯ ಕಡತಗಳು ತೆರೆದುಕೊಳ್ಳುವ ಭರವಸೆ ಇಲ್ಲವೆಂದೂ ಉತ್ತರ ಬಂತು. ಕಡೆಗೆ ಮುದ್ರಿತ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು, ಲೇಖನಗಳನ್ನು ಒಂದೊಂದಾಗಿ ಮತ್ತೆ ಬೆರಳಚ್ಚು ಮಾಡಬೇಕಾಯಿತು. ಬರೆದ ಹಿರಿಯರಲ್ಲಿ ಇಬ್ಬರು ಆ ವೇಳೆಗೆ ನಮ್ಮೊಡನೆ ಇರಲಿಲ್ಲ. ಆ ಒಂದು ಪ್ರತಿಯೂ ಉಳಿಯದೆ ಹೋಗಿದ್ದರೆ ಎಂಬ ಯೋಚನೆಯೇ ಈ ಉಪನ್ಯಾಸದ ಮೂಲ.

ವಿಷಯವನ್ನು ಅರಿಯಲು ನಮ್ಮ ನಾಡಿನ ಒಂದು ಹಳೆಯ ವ್ಯವಸ್ಥೆಯನ್ನು ನೆನೆಯಬಹುದು. ದಕ್ಷಿಣ ಕನ್ನಡದ ಕಡೆಯಿಂದ ಬಂದವರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಗೊತ್ತು. ಮೂಲಗೇಣಿಯ ಒಕ್ಕಲಿಗೆ ಭೂಮಿಯ ಅನುಭೋಗ ಶಾಶ್ವತ, ಗೇಣಿಯೂ ನಿಗದಿತ. ಚಾಲಗೇಣಿಯ ಒಕ್ಕಲಾದರೋ ಧಣಿಯ ಮರ್ಜಿಯಲ್ಲಿದ್ದವನು. ಗೇಣಿ ಏರಬಹುದು, ಭೂಮಿಯೇ ಕೈಬಿಡಬಹುದು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಅಂಥ ಒಕ್ಕಲುಗಳಿಗೆ ಉಳುವ ಭೂಮಿಯ ಹಕ್ಕು ದೊರಕಿಸಿತು. ಗೇಣಿಯ ಹೊರೆಯಷ್ಟೇ ಒಕ್ಕಲನ್ನು ಕಾಡಿದ್ದಲ್ಲ. ಬಿತ್ತಿದ ಮೇಲೆ ಷರತ್ತು ಬದಲಾದೀತೆಂಬ ಅನಿಶ್ಚಯ ಅದಕ್ಕಿಂತ ಹೆಚ್ಚು ಕಾಡಿತು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ತಂತ್ರಾಂಶದ ಕಥೆಗೆ ಬರೋಣ.

ಬಾಡಿಗೆ ಎಂಬುದು ಈ ಉದ್ಯಮದಲ್ಲಿ ಹೊಸತೆಂದು ಹಲವರು ಭಾವಿಸಿದ್ದಾರೆ. ವಾಸ್ತವವಾಗಿ ಅದೇ ಹಳೆಯದು. ಐಬಿಎಂ ಸಂಸ್ಥೆಯು ತನ್ನ ಯಂತ್ರಗಳನ್ನು ಮಾರದೆ ಬಾಡಿಗೆಗೆ ಕೊಡುತ್ತಿತ್ತು. ಅಮೆರಿಕದ ಸರ್ಕಾರದೊಡನೆ 1956ರಲ್ಲಿ ಆದ ನ್ಯಾಯಾಲಯದ ಒಪ್ಪಂದದ ಮೇರೆಗೆ ಮಾರಾಟಕ್ಕೂ ಇಡಬೇಕಾಯಿತು. ಆಗ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಇರಲಿಲ್ಲ. ಯಂತ್ರದ ಜೊತೆಗೇ ಬರುತ್ತಿತ್ತು. 1969ರ ಜೂನ್ 23ರಂದು ಐಬಿಎಂ ತನ್ನ ತಂತ್ರಾಂಶಗಳಲ್ಲಿ ಕೆಲವಕ್ಕೆ ಬೇರೆಯೇ ಬೆಲೆ ವಿಧಿಸುವುದಾಗಿ ಪ್ರಕಟಿಸಿತು. ತಂತ್ರಾಂಶವು ಸ್ವತಂತ್ರ ಸರಕಾಗಿ ಬೆಳೆಯಲು ಆ ಪ್ರಕಟಣೆಯೇ ದೊಡ್ಡ ದಾರಿ ಮಾಡಿಕೊಟ್ಟಿತು. ಹಿಂದೆ ಯಂತ್ರದೊಡನೆ ಬರುತ್ತಿದ್ದುದಕ್ಕೆ ಈಗ ಬೇರೆ ಹಣವೇ ಎಂಬ ಪ್ರಶ್ನೆಯೂ ಅದರೊಡನೆಯೇ ಹುಟ್ಟಿತು.

ಏಳು ವರ್ಷಗಳ ನಂತರ, 1976ರ ಫೆಬ್ರವರಿಯಲ್ಲಿ, ಇಪ್ಪತ್ತರ ಹರೆಯದ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಯಂತ್ರಕ್ಕಾಗಿ ತಾವು ರಚಿಸಿದ ಬೇಸಿಕ್ ತಂತ್ರಾಂಶವನ್ನು ಹೆಚ್ಚಿನವರು ಹಣ ಕೊಡದೆ ನಕಲು ಮಾಡಿಕೊಂಡಿದ್ದಾರೆ ಎಂಬುದು ಅವರ ಆಕ್ಷೇಪ. ಆ ಪತ್ರ ಅಚ್ಚಾದ ಪತ್ರಿಕೆಗಳಲ್ಲಿ ಕ್ಯಾಲಿಫೋರ್ನಿಯದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ವಾರ್ತಾಪತ್ರವೂ ಒಂದು. ನಮ್ಮ ಈ ಸಂಚಿಕೆಯಂತೆಯೇ ಸದಸ್ಯರಿಗಾಗಿ ಹೊರಡುತ್ತಿದ್ದ ಪತ್ರಿಕೆ. ಅಂದು ದೂರು ಮಾರುವವನದಾಗಿತ್ತೆಂಬುದನ್ನು ನಾವು ಮರೆಯಬಾರದು. ದುಡಿದವನಿಗೆ ಪ್ರತಿಫಲ ಬೇಕೆಂಬ ಮಾತು ನ್ಯಾಯವೇ ಆಗಿತ್ತು.

ಆದರೆ ಆ ಪ್ರತಿಫಲವನ್ನು ಕಾಪಾಡಲು ಹೂಡಿದ ಉಪಾಯವು ಕೊಂಡವನ ಸ್ಥಾನವನ್ನೇ ಬದಲಿಸಿತು. ಕೊಂಡ ಪುಸ್ತಕವನ್ನು ಓದಿ ಇನ್ನೊಬ್ಬರಿಗೆ ಮಾರಬಹುದು ಎಂಬುದು ಅಮೆರಿಕದ ಕಾನೂನಿನಲ್ಲಿ ಹಳೆಯ ತತ್ತ್ವ. 1908ರಲ್ಲಿ ಪ್ರಕಾಶಕರೊಬ್ಬರು, ತಮ್ಮ ಕಾದಂಬರಿಯನ್ನು ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಮಾರಬಾರದೆಂದು ಪುಸ್ತಕದಲ್ಲೇ ಅಚ್ಚು ಹಾಕಿಸಿ, ಮೀರಿದ ಮೇಸಿ ಅಂಗಡಿಯ ಮೇಲೆ ದಾವೆ ಹೂಡಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತರು. ಮಾರಿದ ಮೇಲೆ ಆ ಪ್ರತಿಯ ಮೇಲಿನ ಅಂಥ ಹಿಡಿತ ಮುಗಿಯಿತು ಎಂಬುದು ತೀರ್ಪಿನ ಸಾರ. 1980ರ ಕೃತಿಸ್ವಾಮ್ಯ ತಿದ್ದುಪಡಿಯು ತಂತ್ರಾಂಶದ ಪ್ರತಿಯ ಒಡೆಯನಿಗೂ ಕೆಲವು ಹಕ್ಕುಗಳನ್ನು ಕೊಟ್ಟಿತು. ಒಡೆಯನಿಗೆ ಹಕ್ಕಿದ್ದರೆ ಒಡೆಯನನ್ನೇ ಇಲ್ಲವಾಗಿಸಬಹುದಷ್ಟೆ! "ಇದು ಮಾರಾಟವಲ್ಲ, ಬಳಕೆಯ ಪರವಾನಗಿ ಮಾತ್ರ" ಎಂಬರ್ಥದ ಒಕ್ಕಣೆ ಪೆಟ್ಟಿಗೆಗಳ ಒಳಗೆ ಸಾಮಾನ್ಯವಾಯಿತು.

ಪೆಟ್ಟಿಗೆ ಬಿಚ್ಚಿದ ಮೇಲೆ ಕಣ್ಣಿಗೆ ಬೀಳುವ ಷರತ್ತು ಕೊಂಡವನನ್ನು ಕಟ್ಟಿಹಾಕುವುದೇ? 1996ರಲ್ಲಿ ಪ್ರೊಸಿಡಿ ಎಂಬ ಸಂಸ್ಥೆಯ ಪ್ರಕರಣದಲ್ಲಿ ಷಿಕಾಗೋದ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಹೌದೆಂದಿತು. ಒಪ್ಪದವನು ಸರಕನ್ನು ಹಿಂದಿರುಗಿಸಬಹುದಿತ್ತು ಎಂಬುದು ಅದರ ವಾದ. 2010ರಲ್ಲಿ, ಆಟೋಡೆಸ್ಕ್ ತಂತ್ರಾಂಶದ ಹಳೆಯ ಪ್ರತಿಗಳನ್ನು ಮಾರಲೆತ್ನಿಸಿದವರೊಬ್ಬರ ಮೊಕದ್ದಮೆಯಲ್ಲಿ, ಪಶ್ಚಿಮ ರಾಜ್ಯಗಳ ಮೇಲ್ಮನವಿ ನ್ಯಾಯಾಲಯವು ಆ ಪ್ರತಿಗಳನ್ನು ಸಂಸ್ಥೆಯಿಂದ ಮೊದಲು ಪಡೆದವರು ಒಡೆಯರಲ್ಲ, ಪರವಾನಗಿದಾರರು ಮಾತ್ರ ಎಂದಿತು. ಎರಡೇ ವರ್ಷಗಳಲ್ಲಿ ಯುರೋಪಿನ ನ್ಯಾಯಾಲಯವು ಒರೇಕಲ್ ಸಂಸ್ಥೆಯ ಪ್ರಕರಣದಲ್ಲಿ ಬೇರೆಯ ದಾರಿ ಹಿಡಿದು, ಹಣ ಪಡೆದು ಕಾಲಮಿತಿಯಿಲ್ಲದ ಪರವಾನಗಿ ಕೊಟ್ಟರೆ ಅದು ಮಾರಾಟವೇ ಎಂದು ತೀರ್ಮಾನಿಸಿತು. ಒಂದೇ ಬಗೆಯ ಸರಕು, ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಎರಡು ನ್ಯಾಯ.

ಹೀಗಿದ್ದರೂ ಸಾಮಾನ್ಯ ಬಳಕೆದಾರನಿಗೆ ಬಹುಕಾಲ ತೊಂದರೆ ತಟ್ಟಲಿಲ್ಲ. ಕಾಗದದ ಮೇಲೆ ಪರವಾನಗಿಯಾದರೂ ಅನುಭವದಲ್ಲಿ ಅದು ಮೂಲಗೇಣಿಯಂತಿತ್ತು. ಒಮ್ಮೆ ತೆತ್ತರೆ ಯಂತ್ರ ಕೆಡುವವರೆಗೂ ನಡೆಯುತ್ತಿತ್ತು. 2013ರ ಮೇ ತಿಂಗಳಲ್ಲಿ ಅಡೋಬಿ ಸಂಸ್ಥೆಯು ತನ್ನ ಚಿತ್ರ ಮತ್ತು ಪುಟವಿನ್ಯಾಸದ ತಂತ್ರಾಂಶಗಳ ಮುಂದಿನ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಸಾರಿದಾಗ, ಇದು ಮೂಲಗೇಣಿಯಲ್ಲವೆಂಬ ಅರಿವು ಮೂಡಿತು. ಸಾವಿರಾರು ಮಂದಿ ಮನವಿಗೆ ಸಹಿ ಹಾಕಿದರು, ಸಂಸ್ಥೆ ಜಗ್ಗಲಿಲ್ಲ. 2023ರ ನವೆಂಬರಿನಲ್ಲಿ ವಿಎಂವೇರನ್ನು ಕೊಂಡ ಬ್ರಾಡ್‌ಕಾಮ್, ಮುಂದಿನ ತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟ ನಿಲ್ಲಿಸಿತು. ತಾನು ಮೊದಲೇ ಕೊಂಡಿದ್ದ ಪರವಾನಗಿಗಳ ಬೆಂಬಲ ಸೇವೆಯನ್ನು ಒಪ್ಪಂದದಂತೆ ಮುಂದುವರಿಸುತ್ತಿಲ್ಲವೆಂದು ಎಟಿ ಅಂಡ್ ಟಿ 2024ರಲ್ಲಿ ದಾವೆ ಹೂಡಿತು. ಅದೇ ವರ್ಷ ರಾಜಿಯಾಯಿತು. ಅಷ್ಟು ದೊಡ್ಡ ಒಕ್ಕಲೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತೆಂದ ಮೇಲೆ ಸಣ್ಣವರ ಪಾಡೇನು?

ಆದರೂ ಧಣಿಯೇ ಪ್ರತಿಸಲವೂ ಗೆದ್ದಿಲ್ಲ. ಗಣಕ ಆಟಗಳನ್ನು ರಚಿಸುವವರಿಗೆ ಆಧಾರವಾದ ಯೂನಿಟಿ ಎಂಬ ತಂತ್ರಾಂಶದ ಸಂಸ್ಥೆಯು, ಗೊತ್ತಾದ ಮಿತಿಯನ್ನು ದಾಟಿದ ಆಟಗಳಿಗೆ ಪ್ರತಿ ಅಳವಡಿಕೆಗೂ ಶುಲ್ಕ ತೆರಬೇಕೆಂದು 2023ರ ಸೆಪ್ಟೆಂಬರ್ 12ರಂದು ಪ್ರಕಟಿಸಿತು. ಆಗಲೇ ಮಾರುಕಟ್ಟೆಯಲ್ಲಿದ್ದ ಆಟಗಳಿಗೂ ಅದು ಅನ್ವಯವಾಗುವಂತಿತ್ತು. ಬಿತ್ತನೆ ಮುಗಿದು ಪೈರು ನಿಂತ ಮೇಲೆ ಗೇಣಿಯ ಲೆಕ್ಕವನ್ನೇ ಬದಲಿಸಿದಂತೆ! ಪ್ರತಿಭಟನೆ ಎಷ್ಟು ತೀವ್ರವಾಯಿತೆಂದರೆ ಹತ್ತೇ ದಿನಗಳಲ್ಲಿ ಸಂಸ್ಥೆ ಷರತ್ತುಗಳನ್ನು ಸಡಿಲಿಸಿತು. ಅಕ್ಟೋಬರಿನಲ್ಲಿ ಮುಖ್ಯಾಧಿಕಾರಿ ಹುದ್ದೆ ತೊರೆದರು. ಒಂದು ವರ್ಷ ತುಂಬುವ ದಿನ ಆ ಶುಲ್ಕವೇ ರದ್ದಾಯಿತು. ಅಲ್ಲಿ ಒಕ್ಕಲುಗಳಿಗೆ ಬೇರೆ ಹೊಲವಿತ್ತು. ಗೋಡೋ ಎಂಬ ಮುಕ್ತ ತಂತ್ರಾಂಶವೂ ಅನ್‌ರಿಯಲ್ ಎಂಬ ಪ್ರತಿಸ್ಪರ್ಧಿಯೂ ಕೈಗೆಟಕುವಂತಿದ್ದವು. ಹೊರಟುಹೋಗಬಲ್ಲವನ ಮಾತಿಗೆ ಬೆಲೆಯುಂಟು ಎಂಬ ಲೋಕರೂಢಿಯ ಸತ್ಯಕ್ಕೆ ಇದೊಂದು ನಿದರ್ಶನ.

ಬಂಧುಗಳೇ, ನಮ್ಮಲ್ಲಿ ಹಲವರು ದುಡಿಯುವುದು ತಂತ್ರಾಂಶ ಮಾರುವ ಸಂಸ್ಥೆಗಳಲ್ಲೇ. ಅವರ ಪಕ್ಷವನ್ನೂ ಹೇಳಲೇಬೇಕು. ಇಂದಿನ ತಂತ್ರಾಂಶ ಒಮ್ಮೆ ಕಟ್ಟಿ ಬಿಡುವ ಮನೆಯಲ್ಲ. ಭದ್ರತೆಯ ಬಿರುಕುಗಳನ್ನು ದಿನವೂ ಮುಚ್ಚುತ್ತಿರಬೇಕು, ಸರ್ವರುಗಳು ಹಗಲಿರುಳು ನಡೆಯಬೇಕು. ನಿರಂತರ ಸೇವೆಗೆ ನಿರಂತರ ಚಂದಾ ನ್ಯಾಯವೇ. ಆಗಾಗ ಬಳಸುವವರಿಗೆ ಸಾವಿರಾರು ಡಾಲರು ಒಮ್ಮೆಲೇ ಸುರಿಯುವುದಕ್ಕಿಂತ ಬೇಕಾದ ತಿಂಗಳಷ್ಟೇ ಕಟ್ಟುವುದು ಹಗುರವೂ ಹೌದು. ನಮ್ಮ ತಕರಾರು ಚಂದಾ ಪದ್ಧತಿಯ ಮೇಲಲ್ಲ. ಒಬ್ಬನು ತನ್ನ ದುಡಿಮೆಯನ್ನೂ ನೆನಪುಗಳನ್ನೂ ಒಂದು ಷರತ್ತಿನ ಮೇಲೆ ನಂಬಿ ಕಟ್ಟಿದ ಮೇಲೆ ಆ ಷರತ್ತನ್ನು ಏಕಪಕ್ಷೀಯವಾಗಿ ಬದಲಿಸುವುದು ಮತ್ತು ಹೊರಡುವ ದಾರಿಯನ್ನು ಮುಚ್ಚುವುದು, ತಕರಾರು ಇವೆರಡರ ಮೇಲೆ.

ಈ ಮಾತಿನಲ್ಲಿ ಕನ್ನಡಕ್ಕೆ ವಿಶೇಷವಾದ ಪಾಠವಿದೆ. ಒಂದು ಕಾಲದಲ್ಲಿ ಕನ್ನಡದ ತಂತ್ರಾಂಶಗಳು ತಮ್ಮ ತಮ್ಮದೇ ಅಕ್ಷರ ಸಂಕೇತಗಳನ್ನು ಬಳಸುತ್ತಿದ್ದವು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಆ ಬೇಲಿಯನ್ನು ಕಿತ್ತದ್ದು ಯಾರ ಸ್ವತ್ತೂ ಅಲ್ಲದ ಏಕರೂಪ ಸಂಕೇತವಾದ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಅದರಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಕೆ. ಪಿ. ರಾವ್ ಅವರು ತಾವು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಇಂದು ನಾವು ಯಾವ ಊರಿನಲ್ಲಿ ಕುಳಿತು ಬರೆದರೂ ಬೆಂಗಳೂರಿನವರು ಓದಬಲ್ಲರೆಂದರೆ, ಅದರ ಹಿಂದೆ ಇಂಥ ಔದಾರ್ಯವಿದೆ.

ಕಾನೂನೂ ನಿಧಾನವಾಗಿ ಎಚ್ಚರಗೊಳ್ಳುತ್ತಿದೆ. 2025ರ ಜನವರಿ 1ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯದ ಕಾಯಿದೆಯೊಂದರ ಪ್ರಕಾರ, ಹಿಂತೆಗೆದುಕೊಳ್ಳಬಹುದಾದ ಪರವಾನಗಿಯನ್ನು ಕೊಡುವ ಮಾರಾಟಗಾರನು ಆ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸದೆ "ಕೊಳ್ಳಿ" ಎಂಬ ಮಾತನ್ನು ಬಳಸುವಂತಿಲ್ಲ. ಕೇವಲ ಒಂದು ಪದದ ವಿಚಾರವೆಂದು ತೋರಬಹುದು. ಆದರೆ ಗೇಣಿ ಚೀಟಿಯಲ್ಲಿ ಮೂಲವೋ ಚಾಲವೋ ಎಂಬ ಒಂದು ಪದದ ಮೇಲೆ ಎಷ್ಟು ಮನೆತನಗಳ ಬದುಕು ನಿಂತಿತ್ತೆಂಬುದನ್ನು ಬಲ್ಲ ನಾವು ಪದವನ್ನು ಹಗುರವಾಗಿ ಕಾಣಲಾರೆವು.

ಕಡೆಯದಾಗಿ ನಮ್ಮ ಮನೆಗಳ ಮಾತು. ಮಕ್ಕಳ ಬಾಲ್ಯದ ಚಿತ್ರಗಳು, ಊರಿನಲ್ಲಿರುವ ಅಜ್ಜಿಯ ಧ್ವನಿ, ಮನೆಯ ಲೆಕ್ಕಪತ್ರ, ಕೂಟದ ಸಂಚಿಕೆಗಳು, ಇವೆಲ್ಲ ಇಂದು ಒಂದಲ್ಲ ಒಂದು ಪರವಾನಗಿಯ ನೆರಳಿನಲ್ಲಿವೆ. ಅವುಗಳ ಒಂದು ಪ್ರತಿಯನ್ನು ಯಾವ ತಂತ್ರಾಂಶದಲ್ಲಾದರೂ ತೆರೆಯಬಹುದಾದ ರೂಪದಲ್ಲಿ, ನಮ್ಮದೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳೋಣ. ಒಪ್ಪಿದ ದಿನದ ಷರತ್ತುಗಳ ಪ್ರತಿಯನ್ನೂ ತೆಗೆದಿಡೋಣ. ಹೊಲ ಗೇಣಿಯದಾದರೂ ಬಿತ್ತನೆಯ ಬೀಜ ನಮ್ಮ ಕಣಜದಲ್ಲಿರಲಿ.