ಒಡೆದ ಸೊಸೈಟಿಗಳಿಂದ ಹುಟ್ಟಿದ ಸಂಘಗಳು: ಕರ್ನಾಟಕದ ಸ್ವಸಹಾಯ ಚಳವಳಿಯ ಮೊದಲ ವರ್ಷಗಳು

ಸ್ವಸಹಾಯ ಸಂಘಗಳ ಚರಿತ್ರೆಯನ್ನು ಸಾಮಾನ್ಯವಾಗಿ 1992ರಿಂದ ಆರಂಭಿಸುವುದುಂಟು. ಆ ವರ್ಷ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕು (ನಬಾರ್ಡ್) 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಕೈಗೆತ್ತಿಕೊಂಡಿತು. ಇನ್ನು ಕೆಲವರು ಇದನ್ನೆಲ್ಲ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಕರ್ನಾಟಕದ ಮಟ್ಟಿಗೆ ಎರಡೂ ಸಾಲದು. ಇಲ್ಲಿ ಈ ಚಳವಳಿ ಬೇರುಬಿಟ್ಟದ್ದು 1984–85ರ ಸುಮಾರಿಗೆ, ದೊಡ್ಡ ಸಹಕಾರ ಸಂಘಗಳು ಒಡೆದ ಜಾಗದಲ್ಲಿ.

ಆ ಒಡಕಿಗೆ ಹಿನ್ನೆಲೆಯಿದೆ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಪತ್ತಿನ ಸಂಘ ಹುಟ್ಟಿತು. ಅದು ಊರವರು ಊರವರನ್ನೇ ನಂಬಿ ಕಟ್ಟಿಕೊಂಡ ಸಂಘ. ಆದರೆ ಅರ್ಧ ಶತಮಾನ ಕಳೆದ ಮೇಲೂ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ 1954ರ ವರದಿಯ ಪ್ರಕಾರ, ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಕೇವಲ ಶೇ. 3ರಷ್ಟಿತ್ತು. ಪರಿಹಾರವಾಗಿ ಸರ್ಕಾರವೇ ಷೇರು ಬಂಡವಾಳ ಹಾಕಿ ಪಾಲುದಾರನಾಯಿತು, ಸಂಘಗಳನ್ನು ದೊಡ್ಡದು ಮಾಡಿತು. ಹಣವೇನೋ ಬಂತು. ಅದರ ಜೊತೆಗೆ ಅಧಿಕಾರಿಯ ಮೇಲುಸ್ತುವಾರಿಯೂ ಚುನಾವಣೆಯ ರಾಜಕೀಯವೂ ಬಂದವು. ಸಾಲ ಯಾರಿಗೆ ಎಂಬ ತೀರ್ಮಾನ ಬಡ ಸದಸ್ಯನ ಕೈ ತಪ್ಪಿತು.

ದೊಡ್ಡ ಗಾತ್ರದ ಈ ತೊಡಕು ಸ್ವಯಂಸೇವಾ ಸಂಸ್ಥೆಗಳನ್ನೂ ಬಿಡಲಿಲ್ಲ. 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು ಆರಂಭವಾದ ಮೈರಾಡ, ಮುಂದೆ ಹಳ್ಳಿಗಳ ಬಡವರ ನಡುವೆ ಕೆಲಸ ಮಾಡತೊಡಗಿತ್ತು. ಅದರ ಕಾರ್ಯಕ್ಷೇತ್ರದ ಸಹಕಾರ ಸಂಘಗಳಲ್ಲಿ ಸದಸ್ಯರು ಮುಖಂಡರ ಮೇಲೆ ವಿಶ್ವಾಸ ಕಳೆದುಕೊಂಡು ಹೊರಬಂದರು. ಒಬ್ಬೊಬ್ಬರಾಗಿ ಅಲ್ಲ, ಪರಸ್ಪರ ನಂಬಿಕೆಯಿದ್ದ ಹದಿನೈದು ಇಪ್ಪತ್ತು ಜನರ ಗುಂಪುಗಳಾಗಿ. ನಿಮ್ಮ ನೆರವಿನಿಂದ ಪಡೆದ ಬಾಕಿ ಸಾಲವನ್ನು ನೇರವಾಗಿ ನಿಮಗೇ ಕಟ್ಟುತ್ತೇವೆ ಎಂದು ಅವರು ಸಂಸ್ಥೆಯ ಮುಂದೆ ಬಂದಾಗ, ನಮಗೆ ಬೇಡ, ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂಬ ಉತ್ತರ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಇಡೀ ಚಳವಳಿಯ ನಿರ್ಣಾಯಕ ಗಳಿಗೆ ಇದೇ. ನೆರವು ಕೊಟ್ಟವರು ವಸೂಲಿಯ ಹಕ್ಕನ್ನೇ ಬಿಟ್ಟುಕೊಟ್ಟರು.

ಗುಂಪುಗಳು ವಾರಕ್ಕೊಮ್ಮೆ ಸೇರತೊಡಗಿದವು. ಉಳಿತಾಯವನ್ನು ಎಲ್ಲರೆದುರು ಎಣಿಸಿ, ಲೆಕ್ಕ ಬರೆದು, ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಬಳಿ ಇಡುವುದು ರೂಢಿಯಾಯಿತು. ಬಡ್ಡಿ ಎಷ್ಟು, ಕಂತು ತಪ್ಪಿದರೆ ದಂಡ ಎಷ್ಟು ಎಂಬುದೆಲ್ಲ ಅಲ್ಲೇ ಠರಾವಾಗುತ್ತಿತ್ತು. ಮನೆಗೆ ಕಾಳು, ಮಗುವಿಗೆ ಔಷಧ, ಸಾಹುಕಾರನ ಬಳಿ ಒತ್ತೆಯಿಟ್ಟ ಒಡವೆ ಬಿಡಿಸುವುದು: ಬ್ಯಾಂಕು ಅನುತ್ಪಾದಕ ಎಂದು ತಳ್ಳಿಹಾಕುತ್ತಿದ್ದ ಇಂಥ ಅಗತ್ಯಗಳಿಗೇ ಇಲ್ಲಿ ಮೊದಲ ಮನ್ನಣೆ. ಕೇಳಿದವರ ಕಷ್ಟ ನಿಜವೇ, ತೀರಿಸುವ ತ್ರಾಣ ಅವರಿಗಿದೆಯೇ ಎಂಬುದು ಸುತ್ತ ಕೂತವರಿಗೆ ಗೊತ್ತಿರುತ್ತಿತ್ತು. ಯಾವ ಅರ್ಜಿ ನಮೂನೆಗೂ ಅಷ್ಟು ತಿಳಿಯದು.

1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಗುಂಪಿನ ಉಳಿತಾಯಕ್ಕೆ ಸರಿಜೋಡಿಯಾಗಿ ಹಣ ಸೇರಿಸಿ, ನಿರ್ವಹಣೆಯ ತರಬೇತಿ ಕೊಡುವುದಕ್ಕೆ ಆ ಮೊತ್ತ. 1991ರಲ್ಲಿ ರಿಸರ್ವ್ ಬ್ಯಾಂಕು ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸಕ್ಕೆ ಕೈಜೋಡಿಸಲು ಬ್ಯಾಂಕುಗಳಿಗೆ ಸೂಚಿಸಿತು. ಇದರಿಂದ ಮೂರು ಹಳೆಯ ಕಟ್ಟುಗಳು ಸಡಿಲವಾದವು: ಸಂಘ ನೋಂದಣಿಯಾಗಿರಬೇಕಿಲ್ಲ, ಅಡಮಾನ ಬೇಕಿಲ್ಲ, ಒಬ್ಬೊಬ್ಬ ಸದಸ್ಯರೂ ಸಾಲದ ಉದ್ದೇಶವನ್ನು ಬ್ಯಾಂಕಿಗೆ ಹೇಳಬೇಕಿಲ್ಲ. ಸಂಘಕ್ಕೆ ಒಟ್ಟಾಗಿ ಸಾಲ. ಹಂಚಿಕೆ ಸಂಘದ ತೀರ್ಮಾನ.

ಮುಂದಿನ ದಶಕದ ದಾರಿ ಬೇರೆ. 1999ರ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆ ಸಬ್ಸಿಡಿಯನ್ನು ತಂದಿತು. 2000–01ರಲ್ಲಿ ಹೆಂಗಸರ ಸ್ವಸಹಾಯ ಸಂಘಗಳನ್ನು ಕಟ್ಟುವ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಲಕ್ಷಾಂತರ ಹೆಂಗಸರು ಮನೆಯಿಂದ ಹೊರಬಂದು ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಸಣ್ಣ ಮಾತಲ್ಲ. ಆದರೆ ಗುರಿ ತಲುಪಲು ಕಟ್ಟಿದ ಸಂಘಕ್ಕೂ, ನಂಬಿಕೆಯ ಮೇಲೆ ಕೂಡಿಕೊಂಡ ಸಂಘಕ್ಕೂ ಅಂತರವಿದೆ. ಸಬ್ಸಿಡಿಗಾಗಿ ಸೇರಿದವರು ಸಬ್ಸಿಡಿ ಕೈಸೇರಿದ ಮೇಲೆ ಚದುರುವುದು ಸಹಜ. 1954ರ ನಂತರ ಸೊಸೈಟಿಗಳಿಗೆ ಆದದ್ದೂ ಇದೇ ಬಗೆಯ ಪೆಟ್ಟು.

ಈ ಚರಿತ್ರೆಯ ಮೂಲ ಆಕರ ಸರ್ಕಾರಿ ವರದಿಗಳಲ್ಲ, ಸಂಘಗಳ ನಡಾವಳಿ ಪುಸ್ತಕಗಳು. ಎಂಬತ್ತರ ದಶಕದ ಅಂಥ ಪುಸ್ತಕಗಳು ಹಳ್ಳಿಯ ಮನೆಗಳಲ್ಲಿ ಗೆದ್ದಲಿನ ಪಾಲಾಗುವ ಮೊದಲು, ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಅವನ್ನು ಹುಡುಕಿ, ಸದಸ್ಯರ ಒಪ್ಪಿಗೆ ಪಡೆದು, ಪ್ರತಿ ಮಾಡಿ ಕಾಪಿಡಬೇಕು.