ಮಾಳಿಗೆಯ ತಂಪು, ಮಾಳಿಗೆಯ ಭಾರ

ಅನ್ನ, ಅರಿವೆ, ಆಸರೆಗಳು ಮಾನವಜೀವನಕ್ಕೆ ಅತ್ಯಗತ್ಯವಾದವೆಂಬುದು ಎಲ್ಲರೂ ಬಲ್ಲ ಮಾತು. ಆಸರೆಯೆಂದೊಡನೆ ನಮ್ಮ ಕಣ್ಮುಂದೆ ಗೋಡೆ, ಬಾಗಿಲು, ಸೂರುಗಳು ಬಂದು ನಿಲ್ಲುತ್ತವೆ. ಆದರೆ ಬಿರುಬೇಸಗೆಯ ಮಧ್ಯಾಹ್ನ ಹೊಲದಿಂದ ಮರಳಿದವನು ಮನೆಯೊಳಗೆ ಕಾಲಿರಿಸಿದಾಗ ಆತನ ಮೈಗೆ ತಾಗುವ ತಂಪು ಕೂಡ ಆ ಆಸರೆಯ ಒಂದು ಅಂಗವೇ ಆಗಿದೆ. ಈ ತಂಪಿಗೂ ಒಂದು ಇತಿಹಾಸವಿದೆ. ಬೀದರ, ಕಲಬುರಗಿ, ರಾಯಚೂರು, ವಿಜಯಪುರ, ಬಾಗಲಕೋಟೆಗಳ ಬಯಲುನಾಡಿನಲ್ಲಿ ಹಳೆಯ ಮಾಳಿಗೆ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿರುವ ಈ ಕಾಲದಲ್ಲಿ ಆ ಇತಿಹಾಸವನ್ನು ವಾಚಕರ ಮುಂದಿರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಮಠದ ಪ್ರಸಾದ ನಿಲಯಗಳಲ್ಲಿದ್ದು ವಿದ್ಯೆ ಕಲಿತವರು ನಿಮ್ಮಲ್ಲಿ ಅನೇಕರಿದ್ದೀರಿ. ದಪ್ಪ ಗೋಡೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ಮಾರ್ಚ್-ಏಪ್ರಿಲ್ ತಿಂಗಳ ಉರಿಯಲ್ಲಿ, ವಿದ್ಯುತ್ ಬೀಸಣಿಗೆಯ ನೆರವಿಲ್ಲದೆ ಪರೀಕ್ಷೆಗೆ ಓದಿದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ಹೊರಗೆ ಕೆಂಡದಂಥ ಬಿಸಿಲಿದ್ದರೂ ಒಳಗಿನ ನೆಲ ತಣ್ಣಗಿರುತ್ತಿದ್ದುದಕ್ಕೆ ಕಾರಣವೇನೆಂಬುದನ್ನು ಮೊದಲು ತಿಳಿಯೋಣ.

ಮಾಳಿಗೆ ಮನೆಯ ಗೋಡೆಯನ್ನು ಕಲ್ಲು-ಕೆಸರಿನಿಂದಾಗಲಿ ಹಸಿ ಇಟ್ಟಿಗೆಯಿಂದಾಗಲಿ ಎರಡು, ಎರಡೂವರೆ ಅಡಿಗಳಷ್ಟು ದಪ್ಪಕ್ಕೆ ಎಬ್ಬಿಸುತ್ತಿದ್ದರು. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಹಲಗೆ ಅಥವಾ ಕಟ್ಟಿಗೆಯ ತುಂಡುಗಳು, ಅವುಗಳ ಮೇಲೆ ಬೇವಿನ ಸೊಪ್ಪು. ಎಲ್ಲಕ್ಕೂ ಮೇಲೆ ಒಂದಡಿ, ಕೆಲವೆಡೆ ಎರಡಡಿ ಮಣ್ಣು. ಮಳೆಗಾಲಕ್ಕೆ ಮುನ್ನ ಕರಲು ಮಣ್ಣನ್ನು ಬಂಡಿಯಲ್ಲಿ ತಂದು ಮಾಳಿಗೆಯ ಮೇಲೆ ಹರಡುತ್ತಿದ್ದರು. ಸವಳಿನ ಅಂಶವುಳ್ಳ ಈ ಮಣ್ಣು ನೀರು ತಾಗಿದೊಡನೆ ಸೂಕ್ಷ್ಮ ಕಣಗಳಾಗಿ ಬಿಚ್ಚಿಕೊಂಡು ರಂಧ್ರಗಳನ್ನು ಮುಚ್ಚುವುದರಿಂದ ಸೂರು ಸೋರುತ್ತಿರಲಿಲ್ಲ. ಕಿಟಕಿಗಳು ಚಿಕ್ಕವು, ಕೆಲವೇ ಕೆಲವು. ಬೆಳಕು ಬರಲೂ ಬಿಸಿಗಾಳಿ, ಒಲೆಯ ಹೊಗೆ ಹೊರಗೆ ಹೋಗಲೂ ಮಾಳಿಗೆಯಲ್ಲಿ ಬೆಳಕಿಂಡಿ.

ಈ ರಚನೆಯ ಮರ್ಮವಿರುವುದು ತಡದಲ್ಲಿ. ಬಿಸಿಲಿನ ಶಾಖವನ್ನು ಮಣ್ಣು ಪೂರ್ತಿಯಾಗಿ ತಡೆಯಲಾರದು. ಆದರೆ ಅದನ್ನು ಬಹು ನಿಧಾನವಾಗಿ ಒಳಗೆ ಬಿಡುತ್ತದೆ. ಮಧ್ಯಾಹ್ನ ಗೋಡೆಯ ಹೊರಮೈಗೆ ಬಡಿದ ಕಾವು ಒಳಮೈಯನ್ನು ಮುಟ್ಟಲು ಸುಮಾರು ಹತ್ತು-ಹನ್ನೆರಡು ತಾಸು ಹಿಡಿಯುತ್ತದೆ. ಅಷ್ಟರಲ್ಲಿ ಸೂರ್ಯಾಸ್ತವಾಗಿ, ಬಯಲುನಾಡಿನ ಒಣ ಹವೆಯಲ್ಲಿ ರಾತ್ರಿ ತಂಪೇರಿರುತ್ತದೆ. ಮನೆಯವರು ಅಂಗಳದಲ್ಲೋ ಮಾಳಿಗೆಯ ಮೇಲೋ ಮಲಗಿರುತ್ತಾರೆ. ತೆರೆದ ಬಾಗಿಲು ಮತ್ತು ಬೆಳಕಿಂಡಿಗಳ ಮೂಲಕ ಗೋಡೆಯ ಕಾವು ಹೊರಟುಹೋಗುತ್ತದೆ. ಬೆಳಗಿಗೆ ತಣಿದು ನಿಂತ ಗೋಡೆ ಮರುದಿನದ ಬಿಸಿಲನ್ನು ಎದುರಿಸಲು ಸಿದ್ಧವಾಗಿರುತ್ತದೆ. ಯಾವ ಇಂಧನದ ವೆಚ್ಚವೂ ಇಲ್ಲದೆ ಹಗಲಿರುಳುಗಳ ಅಂತರವನ್ನೇ ದುಡಿಸಿಕೊಂಡ ಈ ಜಾಣ್ಮೆ ಗ್ರಂಥಗಳಿಂದ ಬಂದುದಲ್ಲ, ತಲೆತಲಾಂತರದ ಅನುಭವದಿಂದ ಬಂದುದು.

ಅರಸರಿಗೆ ಬೇರೆ ಸಾಧನಗಳೂ ಇದ್ದವು. ವಿಜಯಪುರದ ಆದಿಲ್‌ಶಾಹಿ ಸುಲ್ತಾನರು ಕುಮಟಗಿಯಲ್ಲಿ ಕೆರೆಯ ನಡುವೆ ಬೇಸಗೆಯ ವಿಹಾರಮಂದಿರಗಳನ್ನು ಕಟ್ಟಿಸಿ, ಕೊಳವೆಗಳ ಮೂಲಕ ನೀರನ್ನು ತಂದು ಚಿಲುಮೆಗಳಾಗಿ ಚಿಮ್ಮಿಸುವ ಏರ್ಪಾಡು ಮಾಡಿದ್ದರು. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಒಣ ಹವೆಯಲ್ಲಿ ಈ ಕ್ರಿಯೆ ಇನ್ನೂ ಚುರುಕು. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಇದೇ ನಿಯಮದಿಂದ. ಆದರೆ ಬರಗಾಲದ ನಾಡಿನಲ್ಲಿ ನೀರನ್ನು ಚಿಮ್ಮಿಸುವ ಭಾಗ್ಯ ಎಷ್ಟು ಜನಕ್ಕೆ? ಬಡವನಿಗೂ ಎಟುಕುತ್ತಿದ್ದ ತಂಪು ಮಣ್ಣಿನದೇ ಆಗಿತ್ತು.

ಇಷ್ಟು ಹೇಳಿ ಹಳೆಯದೆಲ್ಲ ಹೊನ್ನೆಂದು ಲೇಖನವನ್ನು ಮುಗಿಸಬಹುದಾಗಿತ್ತು. ಇತಿಹಾಸ ಹಾಗೆ ಮುಗಿಸಲು ಬಿಡುವುದಿಲ್ಲ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ನಮ್ಮ ಆಳಂದ, ಬಸವಕಲ್ಯಾಣಗಳ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯ ನೆಲ ನಡುಗಿತು. ಲಾತೂರು, ಉಸ್ಮಾನಾಬಾದು ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಗಾಢ ನಿದ್ರೆಯಲ್ಲಿದ್ದರು. ಎಂಟರಿಂದ ಹತ್ತು ಸಾವಿರದಷ್ಟು ಜೀವಗಳು ಅಂದು ಹೋದವು. ಭೂಕಂಪದ ಪ್ರಮಾಣ ಆರಕ್ಕೆ ಸ್ವಲ್ಪ ಮೇಲ್ಪಟ್ಟದ್ದು. ಭದ್ರವಾದ ಕಟ್ಟಡಗಳಿರುವಲ್ಲಿ ಅಷ್ಟು ಕಂಪನಕ್ಕೆ ಇಷ್ಟು ಸಾವು ಸಂಭವಿಸುವುದಿಲ್ಲ. ಬಹುಪಾಲು ಜನರನ್ನು ಕೊಂದದ್ದು ಅವರ ಮನೆಗಳೇ.

ಆ ಮನೆಗಳೂ ನಮ್ಮ ಮನೆಗಳಂತೆಯೇ ಇದ್ದವೆಂಬುದನ್ನು ವಾಚಕರು ಗಮನಿಸಬೇಕು. ಗುಂಡುಕಲ್ಲುಗಳನ್ನು ಕೆಸರಿನಲ್ಲಿ ಕೂರಿಸಿದ ದಪ್ಪ ಗೋಡೆಗಳು. ಗೋಡೆಯ ಒಳಮೈ ಹೊರಮೈಗಳನ್ನು ಒಂದಾಗಿ ಹಿಡಿದುಕೊಳ್ಳುವ ಉದ್ದಗಲ್ಲುಗಳು ಅಲ್ಲಿರಲಿಲ್ಲ. ಮೇಲೆ ಮಣ್ಣಿನ ಮಾಳಿಗೆ. ವರ್ಷವರ್ಷವೂ ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಬಿದ್ದು ಸೂರು ಭಾರವಾಗುತ್ತ ಹೋಗಿತ್ತು. ಸ್ವಲ್ಪ ಲೆಕ್ಕ ಮಾಡಿ ನೋಡಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯ ಮೇಲೆ ಎರಡಡಿ ಮಣ್ಣಿದ್ದರೆ 240 ಘನ ಅಡಿಗಳಾದವು. ಘನ ಅಡಿಗೆ 45 ಕಿಲೋ ಎಂದು ಹಿಡಿದರೂ ಮಲಗಿದವರ ತಲೆಯ ಮೇಲಿದ್ದ ಭಾರ ಹತ್ತು ಟನ್ನಿಗೂ ಮಿಕ್ಕದ್ದು. ಹಗಲಿನ ಬಿಸಿಲನ್ನು ತಡೆದ ದಪ್ಪವೇ ಆ ರಾತ್ರಿ ಗೋರಿಯಾಯಿತು.

ಹದಿನಾರು ವರ್ಷಗಳ ತರುವಾಯ, 2009ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಅಕ್ಟೋಬರ್ ಆರಂಭದಲ್ಲಿ, ಉತ್ತರ ಕರ್ನಾಟಕದಲ್ಲಿ ಹಿಂದೆಂದೂ ಕಾಣದಂಥ ಮಳೆ ಸುರಿಯಿತು. ನೆನೆದು ಮೆತ್ತಗಾದ ಮಣ್ಣಿನ ಗೋಡೆಗಳು ರಾತ್ರಿ ಕಳೆಯುವುದರೊಳಗಾಗಿ ಕುಸಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಲಕ್ಷಾಂತರ ಮನೆಗಳು ಹಾಳಾದವು. ಸಂತ್ರಸ್ತರಿಗಾಗಿ ಸರಕಾರ ‘ಆಸರೆ’ ಯೋಜನೆಯಡಿ ಹೊಸ ಮನೆಗಳನ್ನು ಕಟ್ಟಿಸಿತು. ಮಣ್ಣಿನ ಮಾಳಿಗೆಯ ಕೆಳಗೆ ನಿಶ್ಚಿಂತೆಯಿಂದ ಮಲಗುವ ಧೈರ್ಯ ಜನರಲ್ಲಿ ಉಳಿಯಲಿಲ್ಲವೆಂದರೆ ಅವರನ್ನು ಆಕ್ಷೇಪಿಸುವಂತಿಲ್ಲ. ಕೈಯಲ್ಲಿ ಹಣವಿದ್ದವರು ಆರ್‌ಸಿಸಿ ಸೂರು ಹಾಕಿಸಿದರು. ಇಲ್ಲದವರು ತಗಡು ಹೊದಿಸಿದರು.

ಉಕ್ಕು ಮತ್ತು ಕಾಂಕ್ರೀಟು ಕೂಡಿದ ಸೂರು ಭದ್ರತೆಯ ದೃಷ್ಟಿಯಿಂದ ನಿಜಕ್ಕೂ ಉಪಕಾರಿಯಾದುದು. ಆದರೆ ತಂಪಿನ ದೃಷ್ಟಿಯಿಂದ ಅದರ ನಡತೆ ಬೇರೆ. ಒತ್ತಿ ಕೂರಿಸಿದ ಮಣ್ಣಿಗಿಂತ ಕಾಂಕ್ರೀಟು ಸುಮಾರು ಮೂರು ಪಟ್ಟು ಸಲೀಸಾಗಿ ಶಾಖವನ್ನು ಹರಿಸುತ್ತದೆ. ಅದರ ದಪ್ಪವೂ ನಾಲ್ಕೈದು ಅಂಗುಲ ಮಾತ್ರ. ಮಧ್ಯಾಹ್ನದ ಕಾವು ಮೂರ್ನಾಲ್ಕು ತಾಸಿನಲ್ಲೇ ಒಳಗಿಳಿದು, ಸಂಜೆಯಿಂದ ನಡುರಾತ್ರಿಯವರೆಗೆ ಮಲಗಿದವರ ಮೇಲೆ ಸುರಿಯುತ್ತಿರುತ್ತದೆ. ಆಗ ಬೀಸಣಿಗೆ ತಿರುಗಿಸಿದರೆ ಸೂರಿನಡಿಯ ಬಿಸಿಗಾಳಿಯೇ ಕೆಳಗಿಳಿಯುತ್ತದೆ. ತಗಡಿನ ಮನೆಯ ಪಾಡನ್ನು ವಿವರಿಸಬೇಕಾಗಿಯೇ ಇಲ್ಲ. ಜೀವ ಉಳಿಯಿತು, ನಿದ್ರೆ ಹೋಯಿತು. ಈ ಬೇಗೆ ಅಸೌಖ್ಯದ ಮಾತಷ್ಟೇ ಅಲ್ಲ. ವೃದ್ಧರಿಗೆ, ಬಾಣಂತಿಯರಿಗೆ, ಹಸುಗೂಸುಗಳಿಗೆ ಅದು ಪ್ರಾಣಕ್ಕೂ ಎರವಾಗಬಲ್ಲದು.

ಇದಕ್ಕೆ ಪರಿಹಾರವಾಗಿ ಇಂದು ಉಳ್ಳವರ ಮನೆಗಳಿಗೆ ಹವಾನಿಯಂತ್ರಣ ಯಂತ್ರ ಬಂದಿದೆ. ಅದರ ಹುಟ್ಟಿನ ಕಥೆ ಸ್ವಾರಸ್ಯವಾದುದು. 1902ರಲ್ಲಿ ಅಮೆರಿಕದ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಒಂದು ಮುದ್ರಣಾಲಯದಲ್ಲಿ ಹವೆಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಈ ತೊಂದರೆಯನ್ನು ನೀಗಲು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಹವೆಯನ್ನು ತಣಿಸಿ ತೇವವನ್ನು ಹತೋಟಿಗೆ ತರುವ ಯಂತ್ರವನ್ನು ರೂಪಿಸಿದನು. ಕಾಗದದ ರಕ್ಷಣೆಗೆ ಹುಟ್ಟಿದ್ದು ಕ್ರಮೇಣ ಮನುಷ್ಯರ ಸುಖಕ್ಕೆ ಒದಗಿತು. ಆದರೆ ಈ ಯಂತ್ರ ಶಾಖವನ್ನು ನಾಶಮಾಡುವುದಿಲ್ಲ. ಒಳಗಿನದನ್ನು ಎತ್ತಿ ಹೊರಗೆ ಹಾಕುತ್ತದೆ. ಒಂದು ಮನೆಯ ತಂಪು ಓಣಿಯ ನೆರೆಮನೆಗೆ ಬೇಗೆಯಾಗುತ್ತದೆ. ತಿಂಗಳ ಕೊನೆಗೆ ವಿದ್ಯುತ್ತಿನ ಬಿಲ್ಲೂ ಬರುತ್ತದೆ. 2020ರ ಜನವರಿಯಿಂದ ಹೊಸ ಯಂತ್ರಗಳು ತಾವಾಗಿ 24 ಡಿಗ್ರಿಯಲ್ಲಿ ಆರಂಭವಾಗಬೇಕೆಂಬ ನಿಯಮ ಬಂದುದು ಈ ವೆಚ್ಚವನ್ನು ತಗ್ಗಿಸಲೆಂದೇ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ತು ಉಳಿಯುವುದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಕಾದ ಸೂರಿನ ಕೆಳಗೆ ಯಂತ್ರ ಕೂರಿಸುವುದೆಂದರೆ ತೂತುಬಿದ್ದ ಕೊಡಕ್ಕೆ ನೀರು ಸೇದಿದಂತೆ.

ಹಾಗಾದರೆ ಕೊಲ್ಲುವ ಭಾರ ಅಥವಾ ಬೇಯಿಸುವ ಸೂರು, ಇವೆರಡೇ ಗತಿಯೇ? ಅಲ್ಲವೆಂದು ತೋರಿಸಿಕೊಟ್ಟ ಮಹನೀಯರು ನಮ್ಮ ನಡುವೆಯೇ ಆಗಿಹೋಗಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಗ್ರಾಮಗಳಿಗೆ ವಿಜ್ಞಾನವನ್ನು ತಲುಪಿಸಲು ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸಿದ ಅಸ್ತ್ರ ಒಲೆಯ ಹೆಸರು ನಮ್ಮ ತಾಯಂದಿರಿಗೆ ಪರಿಚಿತವೇ. ಅದೇ ಕೇಂದ್ರದಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ಬಳಕೆಗೆ ತಂದರು. ಮಳೆಗೆ ಕರಗದ ಮಣ್ಣು ಅದು. ಭಟ್ಟಿಯ ಉರುವಲೂ ಉಳಿಯಿತು.

ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಇನ್ನೊಂದು ದಾರಿ ತೋರಿದರು. ಕಾಂಕ್ರೀಟು ಸೂರಿನ ಕೆಳಭಾಗದಲ್ಲಿ ಎಳೆತವನ್ನು ತಾಳಿಕೊಳ್ಳುವುದು ಉಕ್ಕಿನ ಸರಳು. ಅಲ್ಲಿರುವ ಕಾಂಕ್ರೀಟಿಗೆ ಹೆಚ್ಚಿನ ಕೆಲಸವಿಲ್ಲ. ಆದಕಾರಣ ಸರಳುಗಳ ನಡುವೆ ಮಂಗಳೂರು ಹೆಂಚುಗಳನ್ನು ಕೂರಿಸಿ ಕಾಂಕ್ರೀಟು ಸುರಿಯುವ ಪದ್ಧತಿಯನ್ನು ಅವರು ಪ್ರಚುರಪಡಿಸಿದರು. ಜೋಡಿ ಹೆಂಚುಗಳ ನಡುವೆ ಸಿಕ್ಕ ಗಾಳಿ ಶಾಖಕ್ಕೆ ತಡೆಯಾಗುತ್ತದೆ. ಸೂರು ಹಗುರವಾಗುತ್ತದೆ, ಖರ್ಚೂ ಇಳಿಯುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಹೀಗೆ ಕಾಂಕ್ರೀಟಿನ ಯುಗದಲ್ಲಿಯೂ ಉಪಯುಕ್ತವಾಯಿತು.

ಸರಕಾರಗಳೂ ಇತ್ತ ಗಮನ ಹರಿಸಿವೆ. ವಸತಿ ಕಟ್ಟಡಗಳಿಗಾಗಿ ಕೇಂದ್ರವು 2018ರಲ್ಲಿ ‘ಇಕೋ-ನಿವಾಸ್ ಸಂಹಿತಾ’ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಸೂರಿನ ಒಂದು ಚದರ ಮೀಟರಿನ ಮೂಲಕ, ಒಳಹೊರಗಿನ ಒಂದು ಡಿಗ್ರಿ ಅಂತರಕ್ಕೆ, 1.2 ವ್ಯಾಟಿಗಿಂತ ಹೆಚ್ಚು ಶಾಖ ಹರಿಯಕೂಡದೆಂದು ಅದು ಮಿತಿ ಹಾಕಿದೆ. ನಾವು ಹಾಕಿಸುವ ಬರಿಯ ಕಾಂಕ್ರೀಟು ಸೂರು ಆ ಮಿತಿಯ ಎರಡೂವರೆ ಪಟ್ಟಿಗೂ ಹೆಚ್ಚು ಶಾಖವನ್ನು ಬಿಡುತ್ತದೆ. ಆ ನಿಯಮಾವಳಿ ದೊಡ್ಡ ನಿವೇಶನಗಳ ಕಟ್ಟಡಗಳನ್ನು ಉದ್ದೇಶಿಸಿದ್ದಾದರೂ ಅಳತೆಗೋಲಾಗಿ ಎಲ್ಲರಿಗೂ ಉಪಯುಕ್ತ. ನೆರೆಯ ತೆಲಂಗಾಣ 2023ರಲ್ಲಿ ಸೂರುಗಳನ್ನು ತಂಪಾಗಿಡುವುದಕ್ಕೆಂದೇ ಒಂದು ನೀತಿಯನ್ನು ಜಾರಿಗೆ ತಂದಿತು. ಬಿಳಿಯ ಸೂರು ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ಮರಳಿಸುತ್ತದೆಂಬುದು ಅದರ ಸರಳ ತತ್ತ್ವ. ಸುಣ್ಣ ಬಳಿಯುವ ನಮ್ಮ ಹಳೆಯ ರೂಢಿಯಲ್ಲಿ ಈ ತತ್ತ್ವ ಅಡಗಿತ್ತು.

ಪ್ರಿಯ ವಾಚಕರೆ, ನಿಮ್ಮಲ್ಲಿ ಯಾರಾದರೂ ಹಳೆಯ ಮನೆಯನ್ನು ಕೆಡವುವ ವಿಚಾರದಲ್ಲಿದ್ದರೆ ಒಮ್ಮೆ ಬಲ್ಲ ಎಂಜಿನಿಯರರಿಗೆ ಅದನ್ನು ತೋರಿಸಿರಿ. ಗೋಡೆ ಗಟ್ಟಿಯಿದ್ದರೆ ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಿ, ಗೋಡೆಗಳಿಗೆ ಉದ್ದಗಲ್ಲುಗಳನ್ನು ಸೇರಿಸಿ, ಸುತ್ತಲೂ ಕಾಂಕ್ರೀಟು ಪಟ್ಟಿ ಕಟ್ಟಿ ಮನೆಯನ್ನು ಉಳಿಸಿಕೊಳ್ಳಬಹುದು. ಗೋಡೆ ಶಿಥಿಲವಾಗಿದ್ದರೆ ಮಮತೆಗೆ ಒಳಗಾಗದೆ ಕೆಡವಿರಿ. ಮಕ್ಕಳು ಮಲಗುವ ಮನೆಯದು. ಹೊಸದಾಗಿ ಕಟ್ಟುವಾಗ ಪಡುವಣ ದಿಕ್ಕಿಗೆ ಪಡಸಾಲೆಯನ್ನಾಗಲಿ ಬೇವು, ಹೊಂಗೆಯ ನೆರಳನ್ನಾಗಲಿ ಇರಿಸಿರಿ. ಕಿಟಕಿಗಳಿಗೆ ಬಿಸಿಲು ಬೀಳದಂತೆ ಸಜ್ಜೆ ಹಾಕಿಸಿರಿ. ಸೂರಿನ ಮೇಲೆ ಪ್ರತಿ ಬೇಸಗೆಗೂ ಸುಣ್ಣ ಬಳಿಸಿರಿ. ಬಿಸಿಗಾಳಿ ಹೊರಹೋಗಲು ಎತ್ತರದಲ್ಲಿ ಕಿಂಡಿ ಬಿಡಿಸಿರಿ. ನಡುಹಗಲಿನಲ್ಲಿ ಕಿಟಕಿಗಳನ್ನು ಮುಚ್ಚಿ ಇರುಳಿನಲ್ಲಿ ತೆರೆಯಿರಿ. ಊರಿನ ಶಾಲೆ, ಸಮುದಾಯ ಭವನ, ಪ್ರಸಾದ ನಿಲಯಗಳಿಗೆ ದಾನ ಮಾಡುವ ಭಕ್ತರು ಕಟ್ಟಡದ ಅಂದದೊಡನೆ ಅದರ ಒಳಗಿನ ತಂಪನ್ನೂ ವಿಚಾರಿಸಲಿ.

ನಮ್ಮ ಹಿರಿಯರು ಭಾರವನ್ನು ಹೊತ್ತು ತಂಪನ್ನು ಪಡೆದರು. ನಾವು ಭಾರವನ್ನು ಇಳಿಸುವ ಅವಸರದಲ್ಲಿ ತಂಪನ್ನೂ ಇಳಿಸಿಬಿಟ್ಟೆವು. ಅವರಿಂದ ನಾವು ಕಲಿಯಬೇಕಾದುದು ಮಣ್ಣಿನ ರಾಶಿಯನ್ನಲ್ಲ, ಬಿಸಿಲನ್ನು ತಡಮಾಡುವ ಮತ್ತು ಇರುಳಿನ ಗಾಳಿಯನ್ನು ಬರಮಾಡಿಕೊಳ್ಳುವ ವಿವೇಕವನ್ನು. ಆ ವಿವೇಕವನ್ನು ಹಗುರವಾದ, ಭದ್ರವಾದ ಗೋಡೆ-ಸೂರುಗಳಲ್ಲಿ ಮತ್ತೆ ಕಟ್ಟಿಕೊಂಡರೆ ಬಡವನ ಮನೆಯಲ್ಲಿಯೂ ಭಯವಿಲ್ಲದ ನಿದ್ರೆ, ಬೇಗೆಯಿಲ್ಲದ ನಿದ್ರೆ ಎರಡೂ ಸಾಧ್ಯವಾದಾವು.